ವಂಶವಾಹಿ, ವಿಧಿ, ವಿವೇಕ

ಕ್ಯಾನ್ಸರ್ ಎಂಬ ವ್ಯಾಧಿಗೆ ಗಡಿನಾಡಿನ ಮನೆಗಳಲ್ಲಿ ಹೆಸರುಗಳ ಕೊರತೆಯಿಲ್ಲ. ಕನ್ನಡದಲ್ಲಿ ಅದನ್ನು ಅರ್ಬುದವೆಂದೂ ಏಡಿಗಂತಿಯೆಂದೂ ಬರೆಯುವರು. ಮರಾಠಿಯಲ್ಲಿ ಅದು ಕರ್ಕರೋಗ, ಮಲಯಾಳದಲ್ಲಿ ಅರ್ಬುದಂ, ತಮಿಳಿನಲ್ಲಿ ಪುಟ್ರುನೋಯ್, ಎಂದರೆ ಹುತ್ತದ ಹಾಗೆ ಒಳಗೊಳಗೇ ಬೆಳೆಯುವ ಬೇನೆ. ಇಷ್ಟೊಂದು ಹೆಸರುಗಳಿದ್ದರೂ ಮನೆಯೊಳಗೆ ಅದನ್ನು ಹೆಸರಿಟ್ಟು ಕರೆಯುವವರು ವಿರಳ. ‘ಆ ಬೇನೆ’ ಎಂದೋ ‘ದೊಡ್ಡ ರೋಗ’ ಎಂದೋ ತಗ್ಗಿದ ದನಿಯಲ್ಲಿ ಹೇಳಿ ಮಾತು ಮುಗಿಸುವುದೇ ರೂಢಿ. ಅಜ್ಜಿ ಯಾವುದರಿಂದ ತೀರಿಕೊಂಡರೆಂದು ಮೊಮ್ಮಗಳು ಕೇಳಿದರೆ, ಹೊಟ್ಟೆನೋವಿನಿಂದ ಎಂಬ ಉತ್ತರ ಬರುತ್ತದೆ. ಅದರಾಚೆಗೆ ಏನನ್ನೂ ಯಾರೂ ಹೇಳುವುದಿಲ್ಲ.

ಈ ಮೌನಕ್ಕೆ ಕಾರಣಗಳುಂಟು. ಭಯವೊಂದು, ಲಜ್ಜೆಯೊಂದು, ಹೆಣ್ಣುಮಕ್ಕಳ ವಿವಾಹದ ಚಿಂತೆ ಮತ್ತೊಂದು. ಜೈನ ಮನೆತನಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ವ್ಯಥೆಯೂ ಸೇರಿಕೊಳ್ಳುತ್ತದೆ. ಮದ್ಯ ಮಾಂಸಗಳನ್ನು ತಲೆತಲಾಂತರದಿಂದ ಮುಟ್ಟದ, ಸೂರ್ಯಾಸ್ತದ ನಂತರ ಉಣ್ಣದ, ನೀರನ್ನೂ ಸೋಸಿ ಕುಡಿಯುವ ಮನೆಗೆ ಈ ರೋಗವೇಕೆ ಬಂತೆಂದು ಬಂಧುಗಳು ಕೇಳುತ್ತಾರೆ. ರೋಗಿಯೂ ಒಳಗೊಳಗೇ ಕೇಳಿಕೊಳ್ಳುತ್ತಾಳೆ. ಯಾವ ತಪ್ಪಿಗೆ ಈ ದಂಡನೆಯೆಂಬ ಪ್ರಶ್ನೆ ನೋವಿಗಿಂತ ಹೆಚ್ಚಾಗಿ ಆಕೆಯನ್ನು ಕಾಡುತ್ತದೆ. ಕೆಲವು ಮನೆತನಗಳಲ್ಲಿ ಈ ರೋಗದ ಬೀಜ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವುದೆಂದು ವಿಜ್ಞಾನವು ತೋರಿಸಿಕೊಟ್ಟ ಮೇಲೆ ಆ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಎದ್ದು ನಿಂತಿದೆ. ಒಬ್ಬರ ರಕ್ತವನ್ನು ಪರೀಕ್ಷಿಸಿ ದೊರೆತ ಸತ್ಯವು ಅವರೊಬ್ಬರಿಗೇ ಸೇರಿದ್ದೋ, ಅಥವಾ ಒಡಹುಟ್ಟಿದವರಿಗೂ ಮಕ್ಕಳಿಗೂ ಸೇರಬೇಕಾದದ್ದೋ? ಇದು ವೈದ್ಯಕೀಯ ಪ್ರಶ್ನೆಗಿಂತಲೂ ಹೆಚ್ಚಾಗಿ ಧರ್ಮದ ಪ್ರಶ್ನೆ.

ಮೊದಲು ಸಂಗತಿಯ ಸ್ವರೂಪವನ್ನು ತಿಳಿಯುವುದು ಯುಕ್ತ. ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಆ ಕೋಶದ ನಡವಳಿಕೆಯನ್ನು ನಿರ್ದೇಶಿಸುವ ವಂಶವಾಹಿಗಳಿವೆ. ಎಷ್ಟು ಬೆಳೆಯಬೇಕು, ಯಾವಾಗ ವಿಭಜಿಸಬೇಕು, ಯಾವಾಗ ನಿಲ್ಲಬೇಕು, ಕೆಟ್ಟುಹೋದಾಗ ಹೇಗೆ ದುರಸ್ತಿಯಾಗಬೇಕು, ದುರಸ್ತಿಯಾಗದಿದ್ದರೆ ಹೇಗೆ ಅಳಿಯಬೇಕು ಎಂಬ ಕಟ್ಟಳೆಗಳೆಲ್ಲ ಅವುಗಳಲ್ಲಿ ಅಡಗಿವೆ. ಈ ಕಟ್ಟಳೆಗಳು ಒಂದರ ಮೇಲೊಂದು ಕೆಟ್ಟು, ಕೋಶವು ಕಡಿವಾಣವಿಲ್ಲದೆ ಬೆಳೆಯತೊಡಗಿದಾಗ ಅದು ಕ್ಯಾನ್ಸರ್ ಎನಿಸುತ್ತದೆ. ಆದ್ದರಿಂದ ಪ್ರತಿಯೊಂದು ಕ್ಯಾನ್ಸರಿನಲ್ಲಿಯೂ ವಂಶವಾಹಿಗಳ ವಿಕೃತಿ ಇದ್ದೇ ಇರುತ್ತದೆ. ಆದರೆ ಬಹುಪಾಲು ರೋಗಿಗಳಲ್ಲಿ ಆ ವಿಕೃತಿ ಹುಟ್ಟಿದ ಮೇಲೆ ಉಂಟಾದದ್ದು. ತಂಬಾಕು, ಮದ್ಯ, ಬಿಸಿಲಿನ ಕಿರಣ, ಕೆಲವು ವೈರಾಣುಗಳು, ಎಲ್ಲಕ್ಕಿಂತ ಮಿಗಿಲಾಗಿ ವಯಸ್ಸು ಮತ್ತು ಕೋಶವಿಭಜನೆಯಲ್ಲಿ ತಾನಾಗಿಯೇ ಸಂಭವಿಸುವ ನಕಲಿನ ತಪ್ಪುಗಳು ಅದಕ್ಕೆ ಕಾರಣ. ಅದು ಆ ಅಂಗದಲ್ಲಿಯೇ ಹುಟ್ಟಿ ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ಒಟ್ಟು ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 5ರಿಂದ 10ರಷ್ಟು ಮಾತ್ರ ತಂದೆಯಿಂದಲೋ ತಾಯಿಯಿಂದಲೋ ಬಂದ ವಿಕೃತಿಯ ಫಲ. ಒಂದೇ ಮನೆಯಲ್ಲಿ ಇಬ್ಬರಿಗೆ ಈ ರೋಗ ಬಂದಿತೆಂದ ಮಾತ್ರಕ್ಕೆ ಅದು ಆನುವಂಶಿಕವೆಂದು ಹೇಳಲಾಗದು.

ಈ ಅರಿವು ಒಂದೇ ದಿನದಲ್ಲಿ ಬಂದುದಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ತನ್ನ ಪತ್ನಿಯ ತವರಿನಲ್ಲಿ ತಲೆಮಾರುಗಳಿಂದ ಸ್ತನದ ಅರ್ಬುದ ಮರುಕಳಿಸುತ್ತಿರುವುದನ್ನು ಗಮನಿಸಿ 1866ರಲ್ಲಿ ಬರೆದನು. 1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್‌ನ ಬಳಿಗೆ ಬಟ್ಟೆ ಹೊಲಿದು ಜೀವಿಸುತ್ತಿದ್ದ ಹೆಣ್ಣುಮಗಳೊಬ್ಬಳು ಬಂದಳು. ತನ್ನ ಕುಟುಂಬದಲ್ಲಿ ಅನೇಕರು ಕರುಳಿನ, ಜಠರದ ಅಥವಾ ಗರ್ಭಕೋಶದ ಅರ್ಬುದದಿಂದ ತೀರಿಕೊಂಡಿದ್ದಾರೆ, ತಾನೂ ಹಾಗೆಯೇ ಎಳೆಯ ವಯಸ್ಸಿನಲ್ಲಿ ಸಾಯುವೆನು ಎಂದು ಆಕೆ ತಿಳಿಸಿದಳು. ವಾರ್ಥಿನ್ ಅದನ್ನು ಅಂಜುಬುರುಕಿಯ ಮಾತೆಂದು ತಳ್ಳಿಹಾಕದೆ, ಆಕೆಯ ನೆರವಿನಿಂದಲೇ ಮನೆತನದ ವಂಶವೃಕ್ಷವನ್ನು ಸಿದ್ಧಪಡಿಸಿ 1913ರಲ್ಲಿ ಪ್ರಕಟಿಸಿದನು. ವೈದ್ಯಗ್ರಂಥಗಳಲ್ಲಿ ಅದು ‘ಜಿ ಕುಟುಂಬ’ವೆಂದು ಪ್ರಸಿದ್ಧವಾಯಿತು. ಆ ಹೆಣ್ಣುಮಗಳು 1919ರಲ್ಲಿ, ತನ್ನ 46ನೆಯ ವಯಸ್ಸಿನಲ್ಲಿ, ತಾನು ಹೇಳಿದ್ದಂತೆಯೇ ಗರ್ಭಕೋಶದ ಅರ್ಬುದದಿಂದ ಮೃತಳಾದಳು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವುಂಟು. 1962ರಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಹೆನ್ರಿ ಲಿಂಚ್ ಎಂಬ ಯುವ ವೈದ್ಯನು ವಿಪರೀತ ಕುಡಿತದಿಂದ ಆಸ್ಪತ್ರೆ ಸೇರಿದ್ದ ರೋಗಿಯೊಬ್ಬನನ್ನು, ಹೀಗೇಕೆ ಕುಡಿಯುತ್ತೀಯೆಂದು ವಿಚಾರಿಸಿದನು. ತನ್ನ ಮನೆಯವರೆಲ್ಲ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ತಾನೂ ಸಾಯುವವನೇ, ಆದ್ದರಿಂದ ಕುಡಿಯುತ್ತೇನೆಂಬುದು ಅವನ ಉತ್ತರವಾಗಿತ್ತು. ಲಿಂಚ್ ಆ ಮನೆತನವನ್ನೂ ಅದರಂತಹ ಇನ್ನೊಂದನ್ನೂ ಅಭ್ಯಸಿಸಿ 1966ರಲ್ಲಿ ವಿವರ ಪ್ರಕಟಿಸಿದನು. ಇಂದು ಆ ಆನುವಂಶಿಕ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದೇ ಹೆಸರು. ಇಬ್ಬರೂ ಒಂದೇ ಬಗೆಯ ಸತ್ಯವನ್ನು ಅರಿತಿದ್ದರು. ಇಬ್ಬರೂ ಅದನ್ನು ವಿಧಿಯೆಂದೇ ಭಾವಿಸಿದ್ದರು. ಒಬ್ಬಳು ಅದನ್ನು ಬಲ್ಲವರ ಮುಂದೆ ಬಿಚ್ಚಿಟ್ಟಳು. ಇನ್ನೊಬ್ಬನು ಕೇಳುವವನು ಸಿಗುವ ತನಕ ಕುಡಿತದಲ್ಲಿ ಮುಳುಗಿಸಿಟ್ಟನು.

ಆನುವಂಶಿಕತೆಯ ಕಾರ್ಯವಿಧಾನವನ್ನು 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಎಂಬ ಅಮೆರಿಕದ ವೈದ್ಯ ತರ್ಕದಿಂದ ಬಿಡಿಸಿ ತೋರಿಸಿದನು. ಶಿಶುಗಳ ಕಣ್ಣಿನ ಅಕ್ಷಿಪಟದಲ್ಲಿ ಹುಟ್ಟುವ ಒಂದು ಅರ್ಬುದವನ್ನು ಅವನು ಪರಿಶೀಲಿಸಿದನು. ಪ್ರತಿಯೊಂದು ವಂಶವಾಹಿಯೂ ಮನುಷ್ಯನಲ್ಲಿ ಎರಡು ಪ್ರತಿಗಳಲ್ಲಿ ಇರುತ್ತದೆ. ಒಂದು ತಾಯಿಯದು, ಒಂದು ತಂದೆಯದು. ಕೋಶದ ಬೆಳವಣಿಗೆಗೆ ತಡೆಹಾಕುವ ವಂಶವಾಹಿಯ ಒಂದು ಪ್ರತಿ ಕೆಟ್ಟರೂ ಇನ್ನೊಂದು ಕಾವಲು ಕಾಯುತ್ತಿರುತ್ತದೆ. ಎರಡೂ ಕೆಟ್ಟಾಗ ಮಾತ್ರ ಅನಾಹುತ. ಸಾಮಾನ್ಯರಲ್ಲಿ ಒಂದೇ ಕೋಶದಲ್ಲಿ ಎರಡೂ ಪ್ರತಿಗಳು ಕೆಡುವುದು ಅಪರೂಪ. ಕೆಡುವುದಕ್ಕೆ ಬಹುಕಾಲ ಬೇಕು. ಆದರೆ ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟು ಬಂದವರಲ್ಲಿ ದೇಹದ ಎಲ್ಲ ಕೋಶಗಳಲ್ಲಿಯೂ ಒಂದೇ ಕಾವಲು ಉಳಿದಿರುತ್ತದೆ. ಎರಡು ಬೀಗಗಳಿರುವ ಬಾಗಿಲಿನ ಒಂದು ಬೀಗ ಮೊದಲೇ ತೆರೆದಿದ್ದಂತೆ. ಆದ್ದರಿಂದಲೇ ಇಂಥವರಲ್ಲಿ ರೋಗವು ಎಳೆಯ ವಯಸ್ಸಿನಲ್ಲಿ, ಕೆಲವೊಮ್ಮೆ ಎರಡೂ ಕಣ್ಣುಗಳಲ್ಲಿ ಅಥವಾ ಎರಡೂ ಸ್ತನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಗುವಿಗೆ ಬರುವುದು ಕ್ಯಾನ್ಸರ್ ಅಲ್ಲ. ತೆರೆದಿರುವ ಒಂದು ಬೀಗ ಮಾತ್ರ. ಎರಡನೆಯದು ತೆರೆಯಲೂಬಹುದು, ತೆರೆಯದೆ ಇರಲೂಬಹುದು.

1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿಯ ತಂಡವು ಸ್ತನದ ಅರ್ಬುದಕ್ಕೆ ಸಂಬಂಧಿಸಿದ ಒಂದು ವಂಶವಾಹಿ 17ನೆಯ ವರ್ಣತಂತುವಿನಲ್ಲಿ ಇದೆಯೆಂದು ಸ್ಥಾಪಿಸಿತು. ಬಿಆರ್‌ಸಿಎ1 ಎಂಬ ಆ ವಂಶವಾಹಿಯನ್ನು 1994ರಲ್ಲಿ ಪ್ರತ್ಯೇಕಿಸಲಾಯಿತು. 13ನೆಯ ವರ್ಣತಂತುವಿನಲ್ಲಿರುವ ಬಿಆರ್‌ಸಿಎ2 ಎಂಬುದನ್ನು 1995ರಲ್ಲಿ ಗುರುತಿಸಲಾಯಿತು. ಇವೆರಡೂ ಆರೋಗ್ಯವಂತ ದೇಹದಲ್ಲಿ ತುಂಡಾದ ಡಿಎನ್‌ಎಯನ್ನು ದುರಸ್ತಿ ಮಾಡುವ ಕೆಲಸಗಾರರು. ಇವುಗಳಲ್ಲಿ ಒಂದು ಪ್ರತಿ ಕೆಟ್ಟು ಬಂದ ಸ್ತ್ರೀಯರಲ್ಲಿ 80 ವರ್ಷ ವಯಸ್ಸಾಗುವಷ್ಟರಲ್ಲಿ ಸ್ತನದ ಅರ್ಬುದ ತಗಲುವ ಸಂಭವ ನೂರಕ್ಕೆ ಸುಮಾರು 70 ಎಂದು 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತಿಳಿಸಿತು. ಅಂಡಾಶಯದ ಅರ್ಬುದದ ಸಂಭವವು ಬಿಆರ್‌ಸಿಎ1 ಕೆಟ್ಟವರಲ್ಲಿ ಸುಮಾರು 44, ಬಿಆರ್‌ಸಿಎ2 ಕೆಟ್ಟವರಲ್ಲಿ ಸುಮಾರು 17. ಲಿಂಚ್ ಸಿಂಡ್ರೋಮ್‌ಗೆ ಕಾರಣವಾದ ಕೆಲವು ವಂಶವಾಹಿಗಳಲ್ಲಿ ದೊಡ್ಡ ಕರುಳಿನ ಅರ್ಬುದದ ಸಂಭವ ಸುಮಾರು ಅರ್ಧದಷ್ಟು. ಕೆಟ್ಟ ಪ್ರತಿಯುಳ್ಳ ತಂದೆ ಅಥವಾ ತಾಯಿಯಿಂದ ಅದು ಪ್ರತಿಯೊಂದು ಮಗುವಿಗೂ ಇಳಿಯುವ ಸಂಭವ ಎರಡರಲ್ಲಿ ಒಂದು. ಗಂಡುಮಗುವೆಂಬ ರಿಯಾಯಿತಿ ಇಲ್ಲ. ಸ್ತನದ ಅರ್ಬುದವೆಂದರೆ ತಾಯಿಯ ಕಡೆಯಿಂದ ಮಾತ್ರ ಬರುವುದೆಂಬ ನಂಬಿಕೆ ಅನೇಕರಲ್ಲಿದೆ, ಅದು ತಪ್ಪು. ತಾನು ಒಂದು ದಿನವೂ ರೋಗದಿಂದ ಮಲಗದ ತಂದೆಯು ತನ್ನ ತಾಯಿಯಿಂದ ಬಂದ ವಿಕೃತಿಯನ್ನು ಮಗಳಿಗೆ ದಾಟಿಸಬಲ್ಲನು.

ಈ ಅಂಕಿಗಳನ್ನು ಓದಿದವರ ಎದೆ ನಡುಗುವುದು ಸಹಜ. ಆದರೆ ಅದೇ ಅಂಕಿಗಳು ಇನ್ನೊಂದನ್ನೂ ಹೇಳುತ್ತವೆ. ನೂರರಲ್ಲಿ 70 ಎಂದರೆ 30 ಮಂದಿಗೆ ಸ್ತನದ ಅರ್ಬುದ ಬರಲಿಲ್ಲವೆಂದು ಅರ್ಥ. ಉಳಿದ 70 ಮಂದಿಯ ಪಾಡೂ ಮುನ್ನೆಚ್ಚರಿಕೆಯಿಂದ ಬೇರೆಯಾಗಬಲ್ಲದು. ಬಿಆರ್‌ಸಿಎ ವಿಕೃತಿಯಿದ್ದವರಿಗೆ ಎಳೆಯ ವಯಸ್ಸಿನಿಂದಲೇ ವರ್ಷವರ್ಷವೂ ಎಂಆರ್‌ಐ ತಪಾಸಣೆಯ ಮಾರ್ಗವಿದೆ. ಮಕ್ಕಳಾದ ಮೇಲೆ ತಕ್ಕ ವಯಸ್ಸಿನಲ್ಲಿ ಅಂಡಾಶಯಗಳನ್ನೂ ಅಂಡನಾಳಗಳನ್ನೂ ತೆಗೆಸಿದರೆ ಆ ಅಂಗದ ಅರ್ಬುದದ ಸಂಭವ ನೂರಕ್ಕೆ ಸುಮಾರು 80ರಷ್ಟು ಇಳಿಯುತ್ತದೆ. ಸ್ತನಗಳನ್ನು ತೆಗೆಸಿಕೊಂಡವರಲ್ಲಿ ಸ್ತನದ ಅರ್ಬುದದ ಸಂಭವ ನೂರಕ್ಕೆ 90ರಷ್ಟು ಕಡಿಮೆಯಾಗುತ್ತದೆ. ಹಾಲಿವುಡ್ ನಟಿ ಏಂಜೆಲಿನಾ ಜೋಲಿ 2013ರಲ್ಲಿ ತಾನು ಹೀಗೆ ಮಾಡಿಸಿಕೊಂಡುದನ್ನು ತಾನೇ ಬರೆದು ಪ್ರಕಟಿಸಿದಾಗ ಲೋಕವೆಲ್ಲ ಈ ವಿಷಯವನ್ನು ಮಾತನಾಡಿತು. ಲಿಂಚ್ ಸಿಂಡ್ರೋಮ್ ಇರುವವರು ಒಂದೆರಡು ವರ್ಷಗಳಿಗೊಮ್ಮೆ ಕರುಳಿನ ದರ್ಶಕ ಪರೀಕ್ಷೆ ಮಾಡಿಸಿಕೊಂಡರೆ ಗಂಟುಗಳು ಅರ್ಬುದವಾಗುವ ಮೊದಲೇ ಅವನ್ನು ತೆಗೆಯಬಹುದು. ಇವುಗಳಲ್ಲಿ ಯಾವುದೂ ಸುಲಭವಲ್ಲ, ನೋವಿಲ್ಲದ್ದಲ್ಲ, ಎಲ್ಲರಿಗೂ ಒಂದೇ ಬಗೆಯದಲ್ಲ. ಬಲ್ಲ ವೈದ್ಯರೊಂದಿಗೆ ಕುಳಿತು ತೀರ್ಮಾನಿಸಬೇಕಾದದ್ದು. ಆದರೂ ತಿಳಿದವರ ಮುಂದೆ ದಾರಿಗಳಿವೆ. ತಿಳಿಯದವರ ಮುಂದೆ ರೋಗವೊಂದೇ ಇದೆ.

ಇಷ್ಟನ್ನು ಅರಿತ ಮೇಲೆ ಸಮಾಜದಲ್ಲಿ ರೂಢವಾದ ಒಂದು ಮಾತನ್ನು ವಿಚಾರಣೆಗೆ ಒಡ್ಡಬಹುದು. ‘ಅದು ಆ ಮನೆತನದ ಕರ್ಮ’ ಎಂಬುದೇ ಆ ಮಾತು. ವಿಜ್ಞಾನವನ್ನೂ ಆಗಮವನ್ನೂ ಒಂದಕ್ಕೊಂದು ತೇಪೆ ಹಾಕಿ ಹೊಲಿಯುವುದು ಸಲ್ಲದು. ವಂಶವಾಹಿಯೇ ಕರ್ಮವೆಂದು ಹೇಳುವುದೂ ಸಲ್ಲದು. ಆದರೆ ಈ ಮಾತು ಜೈನ ಕರ್ಮಸಿದ್ಧಾಂತದ ದೃಷ್ಟಿಯಿಂದಲೇ ನಿಲ್ಲುವಂಥದ್ದಲ್ಲ. ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಅನುಭವಿಸುತ್ತದೆ. ತಂದೆಯ ಕರ್ಮ ಮಗನಿಗೆ ದಾಯವಾಗಿ ಬರುವುದಿಲ್ಲ, ಮಗಳ ಪುಣ್ಯ ತಾಯಿಗೆ ವರ್ಗವಾಗುವುದಿಲ್ಲ. ಗೋತ್ರಕರ್ಮವೆಂಬುದು ಕೂಡ ಗೋತ್ರದ ಹಿರಿಯರು ಕೂಡಿಟ್ಟ ಕರ್ಮವಲ್ಲ. ಅದು ಆಯಾ ಜೀವದ್ದೇ. ಅಂದ ಮೇಲೆ ‘ಮನೆತನದ ಪಾಪ’ ಎಂಬ ಮಾತಿಗೆ ಶಾಸ್ತ್ರದ ಆಧಾರವೆಲ್ಲಿದೆ? ತಾಯಿಯಿಂದ ಮಗಳಿಗೆ ಕಣ್ಣಿನ ಬಣ್ಣ ಇಳಿದಂತೆ ದೇಹದ ಒಂದು ಕೊರತೆ ಇಳಿದಿದೆ. ಅದು ಪುದ್ಗಲದ ವ್ಯಾಪಾರ. ಅದನ್ನು ಶೀಲಕ್ಕೆ ಅಂಟಿಸಿ ನೋಡುವವರು ಶಾಸ್ತ್ರವನ್ನೂ ಅರಿಯರು, ರೋಗವನ್ನೂ ಅರಿಯರು.

ಕರ್ಮವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂಬ ಭಾವನೆಯೂ ಅಷ್ಟೇ ತಪ್ಪು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡವು ಕರ್ಮದ ಹತ್ತು ಕರಣಗಳನ್ನು ವಿವರಿಸುತ್ತದೆ. ಬಂಧ, ಸತ್ತ್ವ, ಉದಯಗಳ ಜೊತೆಗೆ ಅಪಕರ್ಷಣ, ಸಂಕ್ರಮಣ, ಉಪಶಮಗಳೂ ಅಲ್ಲಿವೆ. ಎಂದರೆ ಕಟ್ಟಿಕೊಂಡ ಕರ್ಮದ ಸ್ಥಿತಿಯೂ ತೀವ್ರತೆಯೂ ಕುಗ್ಗಬಹುದು, ಒಂದು ಪ್ರಕೃತಿ ಇನ್ನೊಂದಾಗಿ ಮಾರ್ಪಡಬಹುದು, ಉದಯವು ತಡೆಹಿಡಿಯಲ್ಪಡಬಹುದು. ಪುರುಷಾರ್ಥಕ್ಕೆ ಇಷ್ಟು ಎಡೆಯಿತ್ತ ಸಿದ್ಧಾಂತವನ್ನು ವಿಧಿವಾದವೆಂದು ತಿಳಿದು, ಬಂದದ್ದು ಬರಲಿ ಎಂದು ತಪಾಸಣೆಗೂ ಹೋಗದೆ ಕುಳಿತುಕೊಳ್ಳುವುದು ಒಮಾಹಾದ ಆ ಕುಡುಕನ ದಾರಿಯೇ ಹೊರತು ಶ್ರಾವಕನ ದಾರಿಯಲ್ಲ.

ಇನ್ನು ಮುಖ್ಯ ಪ್ರಶ್ನೆ. ತನ್ನಲ್ಲಿ ಇಂತಹ ವಿಕೃತಿಯಿದೆಯೆಂದು ತಿಳಿದ ಗೃಹಸ್ಥನು ಅದನ್ನು ಯಾರಿಗೆ ಹೇಳಬೇಕು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಎರಡು ಈ ಪ್ರಶ್ನೆಯ ಎರಡು ದಡಗಳಂತೆ ನಿಂತಿವೆ. ಒಂದು ರಹೋಭ್ಯಾಖ್ಯಾನ, ಎಂದರೆ ಪರರ ಗುಟ್ಟನ್ನು ಹೊರಗೆಡಹುವುದು. ಇನ್ನೊಂದು ನ್ಯಾಸಾಪಹಾರ, ಎಂದರೆ ಇನ್ನೊಬ್ಬರು ಇಟ್ಟ ಒತ್ತೆಯನ್ನು ನುಂಗುವುದು. ನ್ಯಾಸಾಪಹಾರವು ಕಳ್ಳತನದ ಪಟ್ಟಿಯಲ್ಲಿ ಸೇರದೆ ಅಸತ್ಯದ ಪಟ್ಟಿಯಲ್ಲಿ ಸೇರಿರುವುದು ಗಮನಾರ್ಹ. ಟೀಕಾಕಾರರು ಅದರ ಸ್ವರೂಪವನ್ನು ಹೀಗೆ ತಿಳಿಸುತ್ತಾರೆ: ಹಣವನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ, ಇಟ್ಟುಕೊಂಡವನು ಸರಿಯಾದ ಲೆಕ್ಕವನ್ನು ಬಲ್ಲವನಾದರೂ, ಹೌದು ಅಷ್ಟೇ ಎಂದು ಅವನ ಮರೆವಿಗೆ ಒಪ್ಪಿಗೆ ಕೊಡುತ್ತಾನೆ. ಅವನು ಏನನ್ನೂ ಕದ್ದಂತೆ ಕಾಣುವುದಿಲ್ಲ. ಆದರೆ ಇನ್ನೊಬ್ಬನಿಗೆ ಸೇರಬೇಕಾದ ತಿಳಿವು ತನ್ನಲ್ಲಿದ್ದಾಗ ಅದನ್ನು ಹೇಳದೆ ಉಳಿದನು.

ವಂಶವಾಹಿಯ ತಿಳಿವು ಇಂತಹದೇ ಒಂದು ನ್ಯಾಸ. ಪರೀಕ್ಷೆಯ ವರದಿಯಲ್ಲಿ ಒಬ್ಬರ ಹೆಸರಿದ್ದರೂ ಅದರಲ್ಲಿ ಬರೆದ ಸಂಗತಿ ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಮಂದಿಗೂ, ಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಸೇರಿದ್ದು. ಅವರಿಗೆ ಕೇಳಬೇಕೆಂಬುದೇ ತಿಳಿಯದು. ಅಕ್ಕನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತೆಂದಷ್ಟೇ ತಂಗಿ ಬಲ್ಲಳು. ತಂಗಿಯ ಮರೆವಿಗೆ, ಅಲ್ಲ, ಅರಿಯದಿರುವಿಕೆಗೆ ಅಕ್ಕನು ಮೌನದಿಂದ ಒಪ್ಪಿಗೆ ಕೊಟ್ಟರೆ ಅದು ಪ್ರೀತಿಯ ಹೆಸರಿನಲ್ಲಿ ನಡೆದ ನ್ಯಾಸಾಪಹಾರವಾಗುತ್ತದೆ.

ಈ ಹೊಣೆ ಯಾರದೆಂಬುದನ್ನು ಅಮೆರಿಕದ ಎರಡು ನ್ಯಾಯಾಲಯಗಳು ವಿಚಾರಿಸಿವೆ. ಫ್ಲಾರಿಡಾದಲ್ಲಿ ಒಬ್ಬ ತಾಯಿಗೆ 1987ರಲ್ಲಿ ಥೈರಾಯ್ಡ್ ಗ್ರಂಥಿಯ ಒಂದು ಬಗೆಯ ಆನುವಂಶಿಕ ಅರ್ಬುದಕ್ಕೆ ಚಿಕಿತ್ಸೆಯಾಯಿತು. ಮೂರು ವರ್ಷಗಳ ಅನಂತರ ಆಕೆಯ ವಯಸ್ಕ ಮಗಳಿಗೂ ಅದೇ ರೋಗವಿರುವುದು ಪತ್ತೆಯಾಯಿತು. ತಾಯಿಯನ್ನು ಎಚ್ಚರಿಸಿದ್ದರೆ ತಾನು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದೆನೆಂದು ಮಗಳು ವೈದ್ಯರ ಮೇಲೆ ದಾವೆ ಹೂಡಿದಳು. ರೋಗಿಗೆ ಎಚ್ಚರಿಕೆ ಹೇಳುವುದು ವೈದ್ಯನ ಕರ್ತವ್ಯ, ಹಾಗೆ ಹೇಳಿದರೆ ಅವನ ಹೊಣೆ ತೀರಿತು ಎಂದು 1995ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ನ್ಯೂಜೆರ್ಸಿಯ ಪ್ರಕರಣ ಇನ್ನೂ ಕರುಣಾಜನಕ. ಕರುಳಿನಲ್ಲಿ ನೂರಾರು ಗಂಟುಗಳೆದ್ದು ಕ್ಯಾನ್ಸರಾಗುವ ಆನುವಂಶಿಕ ರೋಗದಿಂದ ಒಬ್ಬ ತಂದೆ 1964ರಲ್ಲಿ ತೀರಿಕೊಂಡನು. ಆಗ ಮಗಳಿಗೆ 10 ವರ್ಷ. 1990ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಮಗಳು ಅದೇ ರೋಗಕ್ಕೆ ತುತ್ತಾದಳು. ತಂದೆಯ ರೋಗವೇನೆಂಬುದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅಪಾಯದಲ್ಲಿರುವವರು ಯಾರೆಂದು ಗೊತ್ತಿರುವಾಗ ಅವರಿಗೆ ಎಚ್ಚರಿಕೆ ತಲುಪುವಂತೆ ನೋಡಿಕೊಳ್ಳುವುದೂ ವೈದ್ಯನ ಕರ್ತವ್ಯವಾಗಬಹುದೆಂದು 1996ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಎರಡೂ ರೋಗಗಳು ಮೊದಲೇ ತಿಳಿದಿದ್ದರೆ ತಡೆಯಬಹುದಾದಂಥವು ಎಂಬುದೇ ಇಲ್ಲಿನ ದುಃಖ. ನ್ಯಾಯಾಲಯಗಳು ವೈದ್ಯನ ಹೊಣೆಯನ್ನು ಅಳೆದು ತೂಗಬಹುದು. ಮನೆಯವರ ಹೊಣೆಯನ್ನು ಅಳೆಯಲು ಯಾವ ನ್ಯಾಯಪೀಠವೂ ಇಲ್ಲ; ಅಲ್ಲಿ ಅಂತಃಸಾಕ್ಷಿಯೇ ನ್ಯಾಯಾಧೀಶ.

ಆದರೆ ಇನ್ನೊಂದು ದಡವನ್ನೂ ಮರೆಯಬಾರದು. ಹೇಳುವ ಕರ್ತವ್ಯವೆಂದರೆ ಊರಿಗೆಲ್ಲ ಸಾರುವ ಸ್ವಾತಂತ್ರ್ಯವಲ್ಲ. ಒಬ್ಬರ ರೋಗವನ್ನು ರಕ್ತಸಂಬಂಧವಿಲ್ಲದವರ ಮುಂದೆ, ಮದುವೆಮನೆಯ ಪಂಕ್ತಿಯಲ್ಲಿ, ಬಸದಿಯ ಜಗುಲಿಯಲ್ಲಿ ಆಡಿಕೊಳ್ಳುವುದು ರಹೋಭ್ಯಾಖ್ಯಾನವೇ. ಕೇಳುವವರಿಗೂ ಕೇಳದಿರುವ ಹಕ್ಕುಂಟು. 1997ರ ಯುನೆಸ್ಕೋ ಘೋಷಣೆಯು ತನ್ನ ವಂಶವಾಹಿ ಪರೀಕ್ಷೆಯ ಫಲಿತಾಂಶವನ್ನು ತಿಳಿಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಒಪ್ಪಿದೆ. ಹೀಗಿರುವಾಗ ಮಧ್ಯಮಾರ್ಗವೊಂದಿದೆ. ‘ಮನೆತನದಲ್ಲಿ ಇಂಥದೊಂದು ಸಂಗತಿ ಕಂಡುಬಂದಿದೆ; ನಿನಗೂ ಸಂಬಂಧಿಸಿರಬಹುದು; ತಿಳಿಯಬೇಕೆನಿಸಿದಾಗ ವರದಿ ಇಲ್ಲಿದೆ’ ಎಂದು ಹೇಳಿ ಬಾಗಿಲನ್ನು ತೆರೆದಿಡುವುದು. ಒಳಗೆ ಬರುವುದು ಬಿಡುವುದು ಅವರ ಇಚ್ಛೆ. ಒತ್ತೆಯಿಟ್ಟದ್ದನ್ನು ಮುಂದಿರಿಸಿದ ಮೇಲೆ ಇಟ್ಟುಕೊಂಡವನ ಋಣ ತೀರಿತು. ಮಕ್ಕಳ ವಿಷಯದಲ್ಲಿಯೂ ವಿವೇಕ ಬೇಕು. ಅಕ್ಷಿಪಟದ ಅರ್ಬುದ, ಥೈರಾಯ್ಡಿನ ಆ ಅರ್ಬುದ, ಕರುಳಿನ ಗಂಟುಗಳ ರೋಗ ಮುಂತಾದವುಗಳಲ್ಲಿ ಬಾಲ್ಯದಲ್ಲಿಯೇ ತಡೆಯುವ ಉಪಾಯವಿರುವುದರಿಂದ ಮಕ್ಕಳನ್ನು ಬೇಗನೆ ಪರೀಕ್ಷಿಸುತ್ತಾರೆ. ಬಿಆರ್‌ಸಿಎ ಮೊದಲಾದವುಗಳ ಪರೀಕ್ಷೆಯನ್ನು ಅವರು ಪ್ರಾಪ್ತವಯಸ್ಕರಾಗಿ ತಾವೇ ನಿರ್ಧರಿಸುವವರೆಗೆ ಮುಂದೂಡುವುದು ವೈದ್ಯಲೋಕದ ಸಾಮಾನ್ಯ ಸಂಪ್ರದಾಯ.

ಮೌನದ ಬೇರು ಬಹುತೇಕ ವಿವಾಹದ ಚಿಂತೆಯಲ್ಲಿದೆ ಎಂಬುದನ್ನು ಒಪ್ಪಲೇಬೇಕು. ಹೆಣ್ಣಿನ ತಾಯಿಗೆ ಸ್ತನದ ಅರ್ಬುದವಿತ್ತೆಂದು ತಿಳಿದೊಡನೆ ಸಂಬಂಧದ ಮಾತು ನಿಂತುಹೋಗುವುದುಂಟು. ಆದರೆ ಅದೇ ಬೀಗರು ತಮ್ಮ ಗಂಡುಮಗನ ಅಜ್ಜಿ ಯಾವುದರಿಂದ ತೀರಿಕೊಂಡರೆಂದು ಯೋಚಿಸುವುದಿಲ್ಲ. ವಿಕೃತಿಯು ಗಂಡಿನಿಂದಲೂ ಅಷ್ಟೇ ಸುಲಭವಾಗಿ ಇಳಿಯುವುದಾದರೆ, ಹೆಣ್ಣಿನ ಮನೆಯನ್ನು ಮಾತ್ರ ತಕ್ಕಡಿಯಲ್ಲಿಡುವುದು ಯಾವ ನ್ಯಾಯ? ಯಾವ ಕೊರತೆಯೂ ಇಲ್ಲದ ವಂಶವಾಹಿಗಳನ್ನು ಹೊತ್ತು ಹುಟ್ಟಿದವರು ಭೂಮಿಯ ಮೇಲೆ ಯಾರೂ ಇಲ್ಲ. ಕೆಲವರದು ತಿಳಿದಿದೆ, ಹಲವರದು ತಿಳಿದಿಲ್ಲ ಅಷ್ಟೇ. ದಕ್ಷಿಣದ ಅನೇಕ ಸಮುದಾಯಗಳಲ್ಲಿ ಸೋದರಮಾವನೊಂದಿಗೆ, ಸೋದರತ್ತೆಯ ಮಗನೊಂದಿಗೆ ವಿವಾಹವಾಗುವ ರೂಢಿಯಿದೆ. ಒಂದೇ ಮೂಲದಿಂದ ಬಂದ ಕೆಟ್ಟ ಪ್ರತಿ ಗಂಡಹೆಂಡಿರಿಬ್ಬರಲ್ಲಿಯೂ ಇದ್ದರೆ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಲಿಂಚ್ ಸಿಂಡ್ರೋಮ್‌ನ ವಂಶವಾಹಿಗಳಲ್ಲಿ ಹೀಗಾದರೆ ಬಾಲ್ಯದಲ್ಲಿಯೇ ಕಠಿಣ ಅರ್ಬುದಗಳು ಕಾಣಿಸಿಕೊಳ್ಳುತ್ತವೆ. ಮುಚ್ಚಿಟ್ಟ ಸಂಗತಿ ಹೊರಗಿನವರಿಗಿಂತ ಮೊದಲು ಸ್ವಂತ ಮೊಮ್ಮಕ್ಕಳನ್ನೇ ಬಾಧಿಸೀತು. ರೋಗದ ಭಯದಿಂದ ಸಂಬಂಧವನ್ನು ಮುರಿಯುವ ಸಮಾಜವೇ ಮೌನವನ್ನು ಬೆಳೆಸುತ್ತದೆ. ಹೇಳಿದವರನ್ನು ಗೌರವಿಸುವ ಸಮಾಜದಲ್ಲಿ ಮಾತ್ರ ಸತ್ಯವು ನಿರ್ಭಯವಾಗಿ ಮನೆಯಿಂದ ಮನೆಗೆ ಹೋಗಬಲ್ಲದು.

ಗಡಿನಾಡಿನ ಮನೆತನಗಳಿಗೆ ಇನ್ನೊಂದು ವಿಶೇಷ ಹೊಣೆಯಿದೆ. ಒಂದೇ ತಾಯಿಯ ಮಕ್ಕಳು ಮೂರು ರಾಜ್ಯಗಳಲ್ಲಿ, ಮೂರು ಭಾಷೆಗಳಲ್ಲಿ ಬಾಳುತ್ತಿರುತ್ತಾರೆ. ಸೊಲ್ಲಾಪುರದ ಕಡೆಗೆ ಕೊಟ್ಟ ಮಗಳು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುತ್ತಾಳೆ; ವಯನಾಡಿನಲ್ಲಿರುವ ಮಗ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುತ್ತಾನೆ; ಹೊಸೂರಿನವರು ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಒಬ್ಬರ ಕಡತ ಇನ್ನೊಬ್ಬರ ಕಡತವನ್ನು ಎಂದೂ ಸಂಧಿಸುವುದಿಲ್ಲ. ಮೂವರದೂ ಒಂದೇ ಕಥೆಯೆಂಬುದನ್ನು ಯಾವ ವೈದ್ಯನೂ ತಾನಾಗಿ ಕಾಣಲಾರನು. ಜೋಡಿಸಬಲ್ಲವರು ಮನೆಯವರು ಮಾತ್ರ. ಆದ್ದರಿಂದ ಹಿರಿಯರು ಬದುಕಿರುವಾಗಲೇ ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆದಿಡುವುದು ಒಳಿತು. ತಾಯಿಯ ಕಡೆ, ತಂದೆಯ ಕಡೆ, ಯಾರಿಗೆ ಯಾವ ಅಂಗದ ಅರ್ಬುದ, ಯಾವ ವಯಸ್ಸಿನಲ್ಲಿ ಎಂಬ ನಾಲ್ಕು ವಿವರಗಳಿದ್ದರೆ ಸಾಕು. 50 ವರ್ಷಕ್ಕೆ ಮುಂಚೆಯೇ ಬಂದ ಸ್ತನದ ಅಥವಾ ಕರುಳಿನ ಅರ್ಬುದ, ಯಾವ ವಯಸ್ಸಿನಲ್ಲಾದರೂ ಬಂದ ಅಂಡಾಶಯದ ಅರ್ಬುದ, ಗಂಡಸಿಗೆ ಬಂದ ಸ್ತನದ ಅರ್ಬುದ, ಒಬ್ಬರಿಗೇ ಎರಡು ಬೇರೆ ಬೇರೆ ಅರ್ಬುದಗಳು, ಇವು ಕಂಡರೆ ತಜ್ಞರನ್ನು ಕೇಳಬೇಕೆಂಬುದಕ್ಕೆ ಸೂಚನೆ. ಸಾಧ್ಯವಾದಲ್ಲಿ ಮೊದಲು ರೋಗ ಬಂದವರನ್ನೇ ಪರೀಕ್ಷಿಸುವುದು ಕ್ರಮ. ಅವರಲ್ಲಿ ವಿಕೃತಿ ಇಂಥದೆಂದು ತಿಳಿದ ಮೇಲೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಕೆಲವೊಮ್ಮೆ ವರದಿಯಲ್ಲಿ ಅರ್ಥ ನಿರ್ಧಾರವಾಗದ ವ್ಯತ್ಯಾಸವೆಂದು ಬರುವುದುಂಟು. ಅದನ್ನು ಅಪಾಯವೆಂದೂ ಅಭಯವೆಂದೂ ತಿಳಿಯದೆ, ಆಪ್ತಸಮಾಲೋಚಕರ ಮಾತನ್ನು ಕೇಳಿಯೇ ಮುಂದುವರಿಯಬೇಕು.

ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂಬ ಇಂತಹ ಮಾತಿನೊಂದಿಗೆ ಬಾಳುವುದು ಸಾಮಾನ್ಯರಿಗೆ ಕಷ್ಟ. ಸ್ಯಾದ್ವಾದದ ನೆಲದಲ್ಲಿ ಬೆಳೆದವರಿಗೆ ಅದು ಹೊಸ ಮಾತಲ್ಲ. ಒಂದು ದೃಷ್ಟಿಯಿಂದ ಅಪಾಯ, ಇನ್ನೊಂದು ದೃಷ್ಟಿಯಿಂದ ಅವಕಾಶ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ನಡೆಯುವುದೇ ವಿವೇಕ.

ಮಿಶಿಗನ್ನಿನ ಆ ಬಡ ದರ್ಜಿ ಹೆಣ್ಣುಮಗಳಿಗೆ ತನ್ನ ಮನೆತನದ ರೋಗದ ಹೆಸರು ತಿಳಿದಿರಲಿಲ್ಲ. ಅವಳನ್ನು ಉಳಿಸುವ ಉಪಾಯವೂ ಅಂದು ಇರಲಿಲ್ಲ. ಆದರೂ ಅವಳು ಯಾರು ಯಾವಾಗ ಹೇಗೆ ತೀರಿಕೊಂಡರೆಂಬುದನ್ನು ಮುಚ್ಚಿಡದೆ ಹೇಳಿದಳು. ಅವಳು ಸತ್ತು 81 ವರ್ಷಗಳಾದ ಮೇಲೆ, 2000ದಲ್ಲಿ, ಆ ಮನೆತನದಲ್ಲಿ ಕೆಟ್ಟಿದ್ದ ವಂಶವಾಹಿ ಎಂಎಸ್‌ಎಚ್2 ಎಂಬುದು ಪತ್ತೆಯಾಯಿತು. 2005ರಲ್ಲಿ ಪ್ರಕಟವಾದ ವರದಿಯ ಹೊತ್ತಿಗೆ ಆ ಕುಟುಂಬದ ವಂಶಜರ ಪಟ್ಟಿ 900ನ್ನು ಮೀರಿತ್ತು. ಅವರಲ್ಲಿ ಯಾರಿಗೆ ಆ ವಿಕೃತಿ ಇಳಿದಿದೆ, ಯಾರಿಗೆ ಇಳಿದಿಲ್ಲ ಎಂಬುದನ್ನು ಇಂದು ಒಂದು ರಕ್ತಪರೀಕ್ಷೆ ಹೇಳಬಲ್ಲದು. ಇಳಿದವರು ತಪಾಸಣೆಯ ರಕ್ಷಣೆಯಲ್ಲಿ ಬಾಳಬಲ್ಲರು, ಇಳಿಯದವರು ಭಯದಿಂದ ಬಿಡುಗಡೆ ಹೊಂದಬಲ್ಲರು. ತನ್ನಲ್ಲಿದ್ದ ನ್ಯಾಸವನ್ನು ಅವಳು ತಾನು ಕಾಣದ ತಲೆಮಾರುಗಳಿಗೆ ಪೂರ್ತಿ ಲೆಕ್ಕದೊಂದಿಗೆ ಒಪ್ಪಿಸಿ ಹೋದಳು. ಈ ಉತ್ಸವಕ್ಕೆಂದು ನಾಲ್ಕು ಕಡೆಗಳಿಂದ ಬಂಧುಗಳು ಒಂದೆಡೆ ಕೂಡುವ ದಿನ, ಹಿರಿಯರ ಬಳಿ ಕುಳಿತು ತಗ್ಗಿದ ದನಿಯ ಆ ಹಳೆಯ ಸಂಗತಿಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಒಂದು ಗಳಿಗೆ ಮೀಸಲಾದರೆ, ಅದು ಜೀವದಯೆಯ ಒಂದು ಸತ್ಕಾರ್ಯವೇ ಆದೀತು.